ಲಾಡಿಹುಳುವಿನ ತಲೆಯ ಭಾಗಗಳನ್ನು ಗುರುತಿಸುವುದು ಹೇಗೆ?

ಬಿಎಸ್ಸಿ ಝೂಆಲಜಿ ಪ್ರಾಕ್ಟಿಕಲ್‌ನಲ್ಲಿ ಲಾಡಿಹುಳುವಿನ ತಲೆಯ ಸ್ಲೈಡ್ ಇಟ್ಟರೆ ಸಾಕು, ಎಷ್ಟೋ ಮಂದಿ ಹಿಂದೆಮುಂದೆ ನೋಡದೆ 'ಟೀನಿಯಾ ಸೋಲಿಯಂ' (ಹಂದಿಮಾಂಸದಿಂದ ಬರುವ ಲಾಡಿಹುಳು) ಎಂದು ಬರೆದುಬಿಡುತ್ತಾರೆ. ಕ್ರಮವಾಗಿ ನೋಡಿದರೆ ಇದಕ್ಕೆ ಊಹೆಯೇ ಬೇಕಿಲ್ಲ.

ಮೊದಲು ಕಡಿಮೆ ಪವರ್‌ನಲ್ಲಿ ತಲೆಯನ್ನು ಹುಡುಕಿ. ಇದಕ್ಕೆ ಸ್ಕೋಲೆಕ್ಸ್ ಎನ್ನುತ್ತಾರೆ. ಟೀನಿಯಾ ಮೀಟರ್‌ಗಟ್ಟಲೆ ಬೆಳೆದರೂ ತಲೆ ಮಾತ್ರ ಒಂದೆರಡು ಮಿಲಿಮೀಟರ್. ಬಾಯಿ ಎಲ್ಲಿ ಎಂದು ಹುಡುಕಬೇಡಿ, ಇಲ್ಲವೇ ಇಲ್ಲ. ಹುಳು ಆಹಾರವನ್ನು ಮೈಯಿಂದಲೇ ಹೀರಿಕೊಳ್ಳುತ್ತದೆ. ಕರುಳಿನ ಗೋಡೆಯನ್ನು ಬಿಡದೆ ಹಿಡಿದುಕೊಳ್ಳುವುದೇ ತಲೆಯ ಮುಖ್ಯ ಕೆಲಸ.

ಈಗ ಮೊದಲ ಪ್ರಶ್ನೆ: ಕಾಣುತ್ತಿರುವುದು ಬಟ್ಟಲೋ, ಸೀಳೋ? ದುಂಡಗಿನ ಬಟ್ಟಲಾದರೆ ಅದು ಸಕ್ಕರ್. ಪುಸ್ತಕದಲ್ಲಿ ಅಸಿಟ್ಯಾಬುಲಂ ಎಂದೂ ಇರುತ್ತದೆ. ಸ್ಲೈಡ್‌ನಲ್ಲಿ ಸಾಮಾನ್ಯವಾಗಿ ಎರಡೇ ಸ್ಪಷ್ಟವಾಗಿ ಕಾಣುತ್ತವೆ. ಫೈನ್ ಫೋಕಸ್ ನಿಧಾನ ತಿರುಗಿಸಿ, ಅಡಿಯಲ್ಲಿರುವ ಇನ್ನೆರಡೂ ಮೇಲೆದ್ದು ಬರುತ್ತವೆ. ಉದ್ದಕ್ಕೆ ಎರಡು ಸೀಳುಗಳಿದ್ದರೆ ಅದು ಬೋಥ್ರಿಯಂ. ಸರಿಯಾಗಿ ಬೇಯದ ಮೀನು ತಿಂದವರಿಗೆ ಅಂಟುವ ಡೈಫಿಲೋಬೋಥ್ರಿಯಂ ಲೇಟಂನಲ್ಲಿ ಇದನ್ನು ನೋಡಬಹುದು.

ಜಾಸ್ತಿ ಗೊಂದಲ ಆಗುವುದು ಬೋಥ್ರಿಯಂ ಮತ್ತು ಬೋಥ್ರಿಡಿಯಂ ನಡುವೆ. ಹೆಸರೂ ಹಾಗೇ ಇದೆ ಅಲ್ವಾ? ಬೋಥ್ರಿಯಂ ಎಂದರೆ ತಲೆಯಲ್ಲೇ ತಗ್ಗಾದ ಸೀಳು, ಅದರ ಸ್ನಾಯು ದುರ್ಬಲ. ಬೋಥ್ರಿಡಿಯಂ ತಲೆಯಿಂದ ಹೊರಗೆ ಚಾಚಿಕೊಂಡಿರುತ್ತದೆ, ಎಲೆಯಾಕಾರ, ಗಟ್ಟಿ ಸ್ನಾಯು, ಅಂಚು ಸ್ಪಷ್ಟ. ಶಾರ್ಕ್, ತೊರಕೆ ಮೀನುಗಳ ಕರುಳಿನ ಹುಳುಗಳಲ್ಲಿ ಸಾಮಾನ್ಯವಾಗಿ ಇಂಥವು ನಾಲ್ಕಿರುತ್ತವೆ.

ಇನ್ನು ನೆತ್ತಿ ನೋಡಿ. ಅಲ್ಲಿರುವ ಉಬ್ಬು ರೋಸ್ಟೆಲ್ಲಮ್. ಟೀನಿಯಾ ಸೋಲಿಯಂನಲ್ಲಿ ಇದರ ಸುತ್ತ 22ರಿಂದ 32 ಕೊಕ್ಕೆಗಳು, ದೊಡ್ಡವು ಒಂದು ಸಾಲು, ಚಿಕ್ಕವು ಇನ್ನೊಂದು. ದನದ ಮಾಂಸದಿಂದ ಬರುವ ಟೀನಿಯಾ ಸ್ಯಾಜಿನೇಟಾಗೆ ಉಬ್ಬೂ ಇಲ್ಲ, ಕೊಕ್ಕೆಯೂ ಇಲ್ಲ. ಮನುಷ್ಯರಲ್ಲಿ ಕಾಣುವ ಪುಟ್ಟ ಲಾಡಿಹುಳು ಹೈಮೆನೋಲೆಪಿಸ್ ನಾನಾದಲ್ಲಿ ಕೊಕ್ಕೆಗಳು ಒಂದೇ ಸಾಲು. ನಾಯಿಯ ಡಿಪಿಲಿಡಿಯಂ ಕೆನೈನಂನಲ್ಲಿ ಗುಲಾಬಿ ಮುಳ್ಳಿನಂಥ ಕೊಕ್ಕೆಗಳು ಹಲವು ಸಾಲು. ಕೋಳಿಯ ರೈಲೀಟಿನಾ ಟೆಟ್ರಾಗೋನಾದ ಸಕ್ಕರ್ ಮೇಲೂ ಪುಟ್ಟ ಮುಳ್ಳುಗಳಿರುತ್ತವೆ.

ಕೊಕ್ಕೆ ಕಾಣಲಿಲ್ಲ ಎಂದು ತಕ್ಷಣ ಸ್ಯಾಜಿನೇಟಾ ಎನ್ನಬೇಡಿ. ಹೈಮೆನೋಲೆಪಿಸ್ ನಾನಾ ಮತ್ತು ಡಿಪಿಲಿಡಿಯಂ ರೋಸ್ಟೆಲ್ಲಮನ್ನು ಒಳಗೆ ಎಳೆದುಕೊಳ್ಳುತ್ತವೆ. ಆಗ ಕೊಕ್ಕೆಗಳನ್ನು ತಲೆಯ ಒಳಗೇ ಹುಡುಕಬೇಕು. ಹಳೇ ಸ್ಲೈಡ್‌ಗಳಲ್ಲಿ ಕೊಕ್ಕೆ ಉದುರಿರುವುದೂ ಉಂಟು. ಟೀನಿಯಾ ಎಂದು ಗೊತ್ತಾಗಿ ಯಾವುದೆಂಬ ಅನುಮಾನ ಉಳಿದರೆ, ಹುಳುವಿನ ಮೈಯ ಮೊಟ್ಟೆ ತುಂಬಿದ ಖಂಡದಲ್ಲಿ (ಪ್ರೊಗ್ಲಾಟಿಡ್) ಗರ್ಭಕೋಶದ ಕವಲು ಎಣಿಸಿ. ಒಂದು ಬದಿಗೆ ಸಾಮಾನ್ಯವಾಗಿ 7ರಿಂದ 13 ಇದ್ದರೆ ಸೋಲಿಯಂ, ಅದಕ್ಕಿಂತ ಜಾಸ್ತಿ ಇದ್ದರೆ ಸ್ಯಾಜಿನೇಟಾ. ಸ್ಲೈಡ್‌ನಲ್ಲಿ ತಲೆ ಮಾತ್ರ ಇದೆಯಾ? ಹಾಗಿದ್ದರೆ 'ಟೀನಿಯಾ, ಕೊಕ್ಕೆ ಕಂಡಿಲ್ಲ' ಎಂದು ಬರೆದು, ಚಿತ್ರದಲ್ಲಿ ಕಂಡಷ್ಟನ್ನೇ ಗುರುತಿಸಿ.