ಚಪ್ಪರ ಏಳುವ ಮೊದಲೇ: ಬಾಲ್ಯವಿವಾಹ ತಡೆಯುವ ಕೆಲಸದಲ್ಲಿ ನನ್ನ ಅನುಭವ

ಕೊಪ್ಪಳ ಜಿಲ್ಲೆಯಲ್ಲಿ ಅಂಗನವಾಡಿ ಮೇಲ್ವಿಚಾರಕಿಯಾಗಿದ್ದಾಗ ನನಗೆ ಮನದಟ್ಟಾದದ್ದು ಇದು: ಅಧಿಕಾರಿಗಳು ಮುಹೂರ್ತದ ದಿನ ಬಂದು ನಿಲ್ಲಿಸಿದ ಬಾಲ್ಯವಿವಾಹಕ್ಕಿಂತ, ಊರಿನವರೇ ನಿಶ್ಚಯಕ್ಕೂ ಮೊದಲು ತಡೆದದ್ದು ಗಟ್ಟಿಯಾಗಿ ಉಳಿಯುತ್ತದೆ. ಕೊನೆಗಳಿಗೆಯಲ್ಲಿ ನಿಂತ ಮದುವೆಯ ಸಾಲ, ಅವಮಾನ ಎರಡೂ ಹುಡುಗಿಯ ಮೇಲೆ ಸಿಟ್ಟಾಗಿ ತಿರುಗುತ್ತವೆ. ಮುಚ್ಚಳಿಕೆ ಬರೆದುಕೊಟ್ಟ ಮೇಲೂ ಬೇರೆ ಊರಿನಲ್ಲಿ ಗುಟ್ಟಾಗಿ ತಾಳಿ ಕಟ್ಟಿಸುವವರಿದ್ದಾರೆ.

ಆದ್ದರಿಂದ ನಾವು ಮೊದಲು ಕರೆದು ಕೂರಿಸಿದ್ದು ಮದುವೆ ನಡೆಸಿಕೊಡುವವರನ್ನು: ಅಯ್ಯನವರು, ಖಾಜಿ, ಶಾಮಿಯಾನದವರು, ಲಗ್ನಪತ್ರಿಕೆ ಅಚ್ಚು ಹಾಕುವವರು, ಬಸವ ಜಯಂತಿಯ ಸುಮಾರಿಗೆ ಸಾಮೂಹಿಕ ವಿವಾಹ ಏರ್ಪಡಿಸುವ ಹಿರಿಯರು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ ಇಂಥ ಮದುವೆಯನ್ನು ನೆರವೇರಿಸುವವರಿಗೂ ಅದಕ್ಕೆ ಕುಮ್ಮಕ್ಕು ಕೊಡುವವರಿಗೂ 2 ವರ್ಷದವರೆಗೆ ಕಠಿಣ ಸಜೆ ಮತ್ತು 1 ಲಕ್ಷ ರೂಪಾಯಿವರೆಗೆ ದಂಡವಿದೆ ಎಂಬುದು, ಕರ್ನಾಟಕದ ತಿದ್ದುಪಡಿಯಂತೆ ಆ ಮದುವೆ ಮೊದಲಿನಿಂದಲೇ ಅಸಿಂಧು ಎಂಬುದು ಅವರಲ್ಲಿ ಅನೇಕರಿಗೆ ತಿಳಿದಿರಲಿಲ್ಲ. ತಿಳಿದ ಮೇಲೆ, ಶಾಲೆಯ ದಾಖಲೆ ನೋಡದೆ ಪತ್ರಿಕೆ ಅಚ್ಚು ಹಾಕುವುದಿಲ್ಲವೆಂದು ಮುದ್ರಣದವರೇ ಹೇಳತೊಡಗಿದರು.

ಸುಳಿವು ಸಿಗುತ್ತಿದ್ದದ್ದು ಸ್ತ್ರೀಶಕ್ತಿ ಸಂಘದ ವಾರದ ಸಭೆಯಲ್ಲಿ ಮತ್ತು ಶಾಲೆಯ ಹಾಜರಿ ಪುಸ್ತಕದಲ್ಲಿ. ಹೆಣ್ಣುಮಗಳೊಬ್ಬಳು ಕಾರಣವಿಲ್ಲದೆ ವಾರಗಟ್ಟಲೆ ಶಾಲೆಗೆ ಬಾರದಿದ್ದರೆ ಶಿಕ್ಷಕರು ನಮಗೆ ತಿಳಿಸುತ್ತಿದ್ದರು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವುದಾದರೆ ನೆರೆಯ ಊರಿನ ಸದಸ್ಯೆಯಿಂದ ಮಾಡಿಸುತ್ತಿದ್ದೆವು, ಏಕೆಂದರೆ ಹೇಳಿದವರು ಯಾರೆಂದು ಗೊತ್ತಾದರೆ ಆ ಹೆಂಗಸು ಅದೇ ಓಣಿಯಲ್ಲಿ ಬಾಳುವುದು ಕಷ್ಟ.

ತಾಯಂದಿರ ಬಳಿ ನಾನು ಕಾನೂನಿಗಿಂತ ಹೆಚ್ಚಾಗಿ ಬಡ ಕುಟುಂಬದ ಹೆಣ್ಣುಮಕ್ಕಳ ಹೆಸರಲ್ಲಿ ಸರ್ಕಾರ ಹಣ ಇಡುವ ಭಾಗ್ಯಲಕ್ಷ್ಮಿ ಬಾಂಡಿನ ಮಾತು ತೆಗೆಯುತ್ತಿದ್ದೆ. 18 ತುಂಬುವ ಮೊದಲು ಮದುವೆಯಾದರೆ ಆ ಹಣ ಕೈಗೆ ಬರುವುದಿಲ್ಲ. ಆದರೂ ಅವರ ನಿಜವಾದ ಭಯ ಬೇರೆಯದೇ ಆಗಿತ್ತು. ಗುಳೆ ಹೋಗುವಾಗ ಬೆಳೆದ ಮಗಳನ್ನು ಯಾರ ಬಳಿ ಬಿಡುವುದು? ಈ ಪ್ರಶ್ನೆಗೆ ಉತ್ತರ ಕೊಡದೆ ಕಾನೂನು ಹೇಳುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ. ಹಾಗಾಗಿ ಪಂಚಾಯಿತಿ ಸದಸ್ಯರನ್ನು ಜೊತೆಗೆ ಕರೆದುಕೊಂಡು ಸರ್ಕಾರಿ ಹಾಸ್ಟೆಲುಗಳಿಗೆ ಅರ್ಜಿ ಹಾಕಿಸುವುದೇ ನಮ್ಮ ಮುಖ್ಯ ಕೆಲಸವಾಯಿತು. ಹಾಸ್ಟೆಲು ಮುಚ್ಚುವ ಏಪ್ರಿಲ್, ಮೇ ತಿಂಗಳುಗಳೇ ಮದುವೆಯ ಕಾಲವೂ ಆಗಿರುವುದರಿಂದ, ಆ ರಜೆಯಲ್ಲಿ ಯಾವ ಹುಡುಗಿ ಯಾರ ಮನೆಯಲ್ಲಿರಬೇಕೆಂದು ಸಂಘದ ಹೆಂಗಸರು ಮಾರ್ಚಿನ ಸಭೆಯಲ್ಲಿಯೇ, ತಂದೆತಾಯಿಯರನ್ನು ಎದುರಿಗೆ ಕೂರಿಸಿಕೊಂಡು, ನಿರ್ಧರಿಸುತ್ತಿದ್ದರು.