ಕಸ್ತೂರಬಾ ಕಥೆಯನ್ನು ನಾನು ಮಕ್ಕಳಿಗೆ ಹೇಳುವ ರೀತಿ

ಕಸ್ತೂರಬಾ ಬಗ್ಗೆ ಮಾತಾಡಿ ಅಂತ ಯಾವುದಾದರೂ ಹೈಸ್ಕೂಲಿನವರು ಕರೆದರೆ, ನಾನು ಮೊದಲೇ ಹೇಳಿಬಿಡುತ್ತೇನೆ. ಮೈಕ್ ಬೇಡ, ವೇದಿಕೆ ಬೇಡ. ಒಂದು ಮೇಜು ಸಾಕು, ಮಕ್ಕಳು ಅದರ ಸುತ್ತ ಕೂರಲಿ. ಮೈಕ್ ಮುಂದೆ ನಿಂತರೆ ‘ಗಂಡನ ನೆರಳಾಗಿ ಬಾಳಿದ ಮಹಾತಾಯಿ’ ಅನ್ನೋ ಮಾತು ತಾನಾಗಿ ಬಾಯಿಗೆ ಬರುತ್ತದೆ. ಆಮೇಲೆ ನಾವು ಹೇಳುವುದೆಲ್ಲ ಗಾಂಧಿ ಕಥೆಯೇ. ಬಾ (ಕಸ್ತೂರಬಾ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ಹಾಗೇ) ಅಲ್ಲೆಲ್ಲೋ ಮೂಲೆಯಲ್ಲಿ ಚರಕ ಹಿಡಿದು ಕೂತಿರುತ್ತಾರೆ, ಅಷ್ಟೇ.

ನನಗೆ ಬೇಕಾದದ್ದು ದುಡಿದ ಹೆಂಗಸಿನ ಕಥೆ. ಹಾಗಾಗಿ ಹುಟ್ಟು, ಬಾಲ್ಯವನ್ನು ಬೇಗ ಮುಗಿಸುತ್ತೇನೆ. 1869ರ ಏಪ್ರಿಲ್ 11, ಪೋರಬಂದರ್, ವ್ಯಾಪಾರಿಗಳ ಮನೆ. ಶಾಲೆಗೆ ಕಳಿಸಲಿಲ್ಲ. 13ರ ಸುಮಾರಿಗೆ ಮದುವೆ. ಮುಂದೆ ನಾಲ್ಕು ಗಂಡುಮಕ್ಕಳು. ಇಷ್ಟು ಹೇಳಿ ಚೀಲದಿಂದ ಮೂರು ಸೀಸೆ ತೆಗೆದು ಮೇಜಿನ ಮೇಲೆ ಇಡುತ್ತೇನೆ. ಹರಳೆಣ್ಣೆ, ಕ್ವಿನೈನ್, ಗಂಧಕದ ಮುಲಾಮು. ಕ್ವಿನೈನ್ ಸೀಸೆ ಖಾಲಿ, ಬರೀ ಚೀಟಿ ಅಂಟಿಸಿದ್ದೇನೆ. ಮಕ್ಕಳ ನಡುವೆ ಮಾತ್ರೆ ಇಡೋಕಾಗಲ್ಲ ಅಲ್ವಾ?

ಇದು ಚಂಪಾರಣ್ಯದ ಔಷಧಿ ಪೆಟ್ಟಿಗೆ. 1917ರಲ್ಲಿ ಬಿಹಾರದ ಆ ಜಿಲ್ಲೆಯಲ್ಲಿ ಗಾಂಧಿ ಮುಂದಾಳತ್ವದಲ್ಲಿ ನೀಲಿ ಬೆಳೆಯುವ ರೈತರ ಹೋರಾಟ ನಡೆದಿತ್ತು. ಜೊತೆಗೇ ಹಳ್ಳಿಗಳಲ್ಲಿ ಶಾಲೆ ತೆರೆದರು. ಭಿತಿಹರ್ವಾ ಅನ್ನೋ ಹಳ್ಳಿಯ ಶಾಲೆ ಕಸ್ತೂರಬಾ ಪಾಲಿಗೆ ಬಂತು. ಅಲ್ಲಿನ ಮಕ್ಕಳ ಮಾತು ಬೇರೆ, ಇವರಿಗೆ ಬರುತ್ತಿದ್ದದ್ದು ಒಂದಿಷ್ಟು ಗುಜರಾತಿ. ಓದು ಬರಹಕ್ಕಿಂತ ಮೊದಲು ಕಲಿಸಬೇಕಾದದ್ದು ಶುಚಿ, ನಡವಳಿಕೆ ಅಂತ ಗಾಂಧಿ ಮೊದಲೇ ಹೇಳಿದ್ದರಿಂದ ಅದು ಅಡ್ಡಿಯಾಗಲಿಲ್ಲ. ಬಂದ ರೋಗಿಗಳಿಗೆ ಸಿಗುತ್ತಿದ್ದದ್ದು ಈ ಮೂರೇ ಔಷಧಿ. ಹೊಟ್ಟೆ ಕಟ್ಟಿದ್ದರೆ ಹರಳೆಣ್ಣೆ. ಜ್ವರ ಬಂದಿದ್ದರೆ ಮೊದಲು ಹರಳೆಣ್ಣೆ, ಆಮೇಲೆ ಕ್ವಿನೈನ್. ಕಜ್ಜಿ, ಕುರು ಆಗಿದ್ದರೆ ಚೆನ್ನಾಗಿ ತೊಳೆದು ಮುಲಾಮು. ಇದಕ್ಕೂ ಬಗ್ಗದ ಕಾಯಿಲೆ ಇದ್ದರೆ ಡಾಕ್ಟರ್ ದೇವ್ ನೋಡುತ್ತಿದ್ದರು. ಇದನ್ನೆಲ್ಲ ನಾನೇ ಹೇಳುವುದಿಲ್ಲ. ‘ಈಗ ನೀನೇ ಕಸ್ತೂರಬಾ. ಜ್ವರ ಅಂತ ಒಬ್ಬರು ಬಂದರು, ಯಾವ ಸೀಸೆ ಎತ್ತುತ್ತೀಯ?’ ಅಂತ ಒಬ್ಬಳನ್ನು ಕರೆದು ನಿಲ್ಲಿಸುತ್ತೇನೆ. ಹರಳೆಣ್ಣೆ ಅಂದ ಕೂಡಲೇ ಎಲ್ಲರ ಮುಖ ಹುಳ್ಳಗಾಗುತ್ತದೆ.

ಆಮೇಲೆ ಒಂದು ಹಳೇ ಸೀರೆ ಬಿಚ್ಚುತ್ತೇನೆ. ಭಿತಿಹರ್ವಾ ಪಕ್ಕದ ಇನ್ನೂ ಚಿಕ್ಕ ಹಳ್ಳಿಯಲ್ಲಿ ಹೆಂಗಸರ ಬಟ್ಟೆ ತುಂಬಾ ಕೊಳೆಯಾಗಿತ್ತಂತೆ. ಯಾಕೆ ಒಗೆಯುವುದಿಲ್ಲ ಕೇಳು ಅಂತ ಗಾಂಧಿ ಹೆಂಡತಿಗೆ ಹೇಳಿದರು. ಬಾ ಕೇಳಿದರು. ಒಬ್ಬ ಹೆಂಗಸು ಅವರನ್ನು ಗುಡಿಸಲೊಳಗೆ ಕರೆದುಕೊಂಡು ಹೋಗಿ ತೋರಿಸಿದಳು. ಪೆಟ್ಟಿಗೆ ಇಲ್ಲ, ಬೀರು ಇಲ್ಲ. ಮೈಮೇಲಿದ್ದ ಸೀರೆಯೊಂದೇ ಅವಳಿಗಿದ್ದದ್ದು. ಇಲ್ಲಿಗೆ ನಿಲ್ಲಿಸಿ ಕೇಳುತ್ತೇನೆ: ಇದೊಂದೇ ಇದ್ದರೆ ಒಗೆಯೋದು ಹೇಗೆ? ಮಕ್ಕಳು ಸೀರೆ ಹಿಡಿದು ಲೆಕ್ಕ ಹಾಕುತ್ತಾರೆ. ಅರ್ಧ ಉಟ್ಟುಕೊಂಡು ಇನ್ನರ್ಧ ಒಗೆಯಬಹುದು ಅಂತ ಯಾರೋ ಒಬ್ಬಳು ಹೇಳುತ್ತಾಳೆ. ಒಣಗುವವರೆಗೆ ಎಲ್ಲಿ ನಿಲ್ಲೋದು ಅಂತ ಇನ್ನೊಬ್ಬಳು ಕೇಳುತ್ತಾಳೆ. ಬಡತನದ ಮೇಲೆ ನಾನು ಒಂದು ಗಂಟೆ ಕೊರೆದರೂ ಈ ಪ್ರಶ್ನೆ ಹುಟ್ಟುತ್ತಿರಲಿಲ್ಲ.

ಭಿತಿಹರ್ವಾ ಬಿಡುವ ಮೊದಲು ನಮ್ಮ ಕಡೆಯವರ ವಿಷಯ ಒಂದಿದೆ. ಆ ಶಾಲೆಯಲ್ಲಿ ಕಸ್ತೂರಬಾ ಜೊತೆಗಿದ್ದವರು ಬೆಳಗಾವಿಯ ಸೋಮನ್. ಬಿದಿರು, ಹುಲ್ಲಿನಲ್ಲಿ ಕಟ್ಟಿದ್ದ ಶಾಲೆಗೆ ಒಂದು ರಾತ್ರಿ ಯಾರೋ ಬೆಂಕಿ ಇಟ್ಟರು. ಸೋಮನ್ ತಾವೇ ದುಡಿಮೆಗೆ ಇಳಿದು, ಜನರನ್ನೂ ಸೇರಿಸಿಕೊಂಡು ಇಟ್ಟಿಗೆ ಕಟ್ಟಡ ಎಬ್ಬಿಸಿದರು. ಉತ್ತರ ಕರ್ನಾಟಕದ ಶಾಲೆಗಳಲ್ಲಿ ಇದನ್ನು ಹೇಳಿದರೆ ಮೇಷ್ಟ್ರುಗಳೂ ಕಿವಿ ನಿಮಿರಿಸುತ್ತಾರೆ.

ಈಗ ಗಂಡ ಹೆಂಡಿರ ಜಗಳ. ಕೆಲವು ಶಾಲೆಯವರಿಗೆ ಈ ಭಾಗ ಇಷ್ಟವಾಗುವುದಿಲ್ಲ. ‘ಅದೆಲ್ಲ ಯಾಕೆ ಬಿಡಿ’ ಅನ್ನುತ್ತಾರೆ. ನಾನು ಬಿಡುವುದಿಲ್ಲ. ಗಾಂಧಿಯೇ ಮುಚ್ಚಿಡದೆ ಬರೆದುಕೊಂಡಿರುವಾಗ ನಾವ್ಯಾಕೆ ಮುಚ್ಚಿಡಬೇಕು?

1901ರಲ್ಲಿ ದಕ್ಷಿಣ ಆಫ್ರಿಕಾ ಬಿಟ್ಟು ಹೊರಟಾಗ ಅಲ್ಲಿನ ಭಾರತೀಯರು ಕೈತುಂಬ ಉಡುಗೊರೆ ಕೊಟ್ಟರು. ಅದರಲ್ಲಿ ಕಸ್ತೂರಬಾಗೆ ಅಂತಲೇ ಬಂದದ್ದು 50 ಗಿನಿ (ಆಗಿನ ಇಂಗ್ಲಿಷ್ ಹಣ) ಬೆಲೆಯ ಚಿನ್ನದ ಹಾರ. ಸೇವೆಗೆ ಬೆಲೆ ತೆಗೆದುಕೊಳ್ಳಬಾರದು, ಎಲ್ಲವನ್ನೂ ಜನರಿಗಾಗಿ ಟ್ರಸ್ಟ್ ಮಾಡಬೇಕು ಅಂತ ಗಾಂಧಿ ತೀರ್ಮಾನಿಸಿದರು. ಹೆಂಡತಿ ಒಪ್ಪುವುದಿಲ್ಲ ಅಂತ ಗೊತ್ತಿತ್ತು. ಅದಕ್ಕೇ ಮೊದಲು ಮಕ್ಕಳನ್ನು ಒಲಿಸಿಕೊಂಡರು. (ಇಲ್ಲಿ ಹುಡುಗಿಯರು ‘ಓಹೋ’ ಅನ್ನುತ್ತಾರೆ. ಇಂಥ ರಾಜಕೀಯ ಎಲ್ಲರ ಮನೆಯಲ್ಲೂ ನಡೆಯುತ್ತದೆ.) ಬಾ ಸುಮ್ನೆ ಇರಲಿಲ್ಲ. ನಿಮಗೆ ಬೇಡದಿರಬಹುದು, ನಾಳೆ ಬರುವ ಸೊಸೆಯರಿಗೆ ಏನು ಕೊಡಲಿ ಅಂದರು. ನನ್ನ ಗಂಡುಮಕ್ಕಳನ್ನು ಈಗಲೇ ಸಾಧುಗಳನ್ನಾಗಿ ಮಾಡಲು ಹೊರಟಿದ್ದೀರಿ ಅಂದರು. ನನ್ನ ಹಾರದ ಮೇಲೆ ನಿಮಗೇನು ಹಕ್ಕು ಅಂತಲೂ ಕೇಳಿದರು. ಹಾರ ಬಂದದ್ದು ನಿನ್ನ ಸೇವೆಗೋ ನನ್ನ ಸೇವೆಗೋ ಅಂತ ಗಂಡ ಕೇಳಿದಾಗ, ಹಗಲೂ ರಾತ್ರಿ ನಿಮಗಾಗಿ, ನೀವು ಕರೆತಂದವರಿಗಾಗಿ ದುಡಿದೆನಲ್ಲ, ಅದು ಸೇವೆ ಅಲ್ಲವೇ ಅಂದರು. ಕೊನೆಗೆ ಹಾರ ಟ್ರಸ್ಟಿಗೆ ಹೋಯಿತು.

ಯಾರು ಸರಿ ಅಂತ ನಾನು ಹೇಳುವುದಿಲ್ಲ, ಕೈ ಎತ್ತಿಸುತ್ತೇನೆ. ಹುಡುಗಿಯರು ಹೆಚ್ಚಾಗಿ ಬಾ ಕಡೆ. ನನ್ನ ಓಟೂ ಆ ಕಡೆಗೇ. ಹಾರಕ್ಕಾಗಿ ಅಲ್ಲ. ಮನೆಗೆಲಸವೂ ಸೇವೆಯೇ ಅಂತ 1901ರಲ್ಲೇ ಗಂಡನ ಮುಖಕ್ಕೆ ಹೇಳಿದರಲ್ಲ, ಅದಕ್ಕಾಗಿ.

ಜೈಲಿನ ವಿಷಯ ಇದಾದ ಮೇಲೆ ಬಂದರೆ ಚೆನ್ನಾಗಿ ಕೂರುತ್ತದೆ. ಅಷ್ಟರಲ್ಲಿ ಇವರು ಮತ್ತೆ ದಕ್ಷಿಣ ಆಫ್ರಿಕಾಗೆ ಹೋಗಿದ್ದರು. 1913ರಲ್ಲಿ ಅಲ್ಲಿನ ಒಂದು ಕೋರ್ಟ್ ತೀರ್ಪಿನಿಂದ ಹಿಂದೂ, ಮುಸ್ಲಿಂ, ಪಾರ್ಸಿ ಪದ್ಧತಿಯ ಮದುವೆಗಳಿಗೆ ಕಾನೂನಿನ ಬೆಲೆ ಇಲ್ಲದಂತಾಯಿತು. ಸತ್ಯಾಗ್ರಹಕ್ಕೆ ಬೇರೆ ಹೆಂಗಸರನ್ನು ಒಪ್ಪಿಸುತ್ತಿದ್ದ ಗಾಂಧಿ ಹೆಂಡತಿಯನ್ನು ಮಾತ್ರ ಕೇಳಿರಲಿಲ್ಲ. ನನ್ನಲ್ಲೇನು ಕೊರತೆ ಕಂಡಿರಿ ಅಂತ ಬಾ ಅವರೇ ಕೇಳಿ ಹೊರಟರು. ಮೂರು ತಿಂಗಳ ಕಠಿಣ ಸಜೆ ಆಯಿತು. ಮಾರಿಟ್ಸ್‌ಬರ್ಗ್ ಜೈಲಿನಿಂದ ಹೊರಬಂದಾಗ ಎಲುಬು ಚರ್ಮ ಅಷ್ಟೇ ಉಳಿದಿತ್ತು.

ಪುಣೆಯ ಆಗಾ ಖಾನ್ ಅರಮನೆಯ ಸೆರೆವಾಸವನ್ನು ನಾನು ಜಾಸ್ತಿ ಎಳೆಯುವುದಿಲ್ಲ. ಅಲ್ಲಿ ಕಣ್ಣೀರು ಬರಿಸುವುದು ಸುಲಭ. 1942ರ ಆಗಸ್ಟ್ 9ರಂದು ಗಾಂಧಿ ಬಂಧನವಾದ ಮೇಲೆ, ಮುಂಬೈ ಶಿವಾಜಿ ಪಾರ್ಕಿನ ಸಭೆಯಲ್ಲಿ ತಾನು ಮಾತಾಡುತ್ತೇನೆ ಅಂತ ಹೊರಟವರು ಇವರು, ಅದಕ್ಕೇ ಬಂಧಿಸಿದರು. 1944ರ ಫೆಬ್ರವರಿ 22, ಶಿವರಾತ್ರಿಯ ದಿನ ಅಲ್ಲೇ ತೀರಿಕೊಂಡರು. ಇಷ್ಟು ಹೇಳಿ ಅವರ ಹೆಸರಿನ ನಿಧಿಗೆ ಬರುತ್ತೇನೆ.

ಸ್ವಸಹಾಯ ಸಂಘದ ಹೆಂಗಸರಿಗೆ ಹೇಳುವಾಗಂತೂ ಈ ನಿಧಿಯದ್ದೇ ದೊಡ್ಡ ಚರ್ಚೆ. ಗಾಂಧಿಗೆ 75 ತುಂಬುವ ಹೊತ್ತಿಗೆ 75 ಲಕ್ಷ ರೂಪಾಯಿ ಸೇರಿಸಬೇಕು ಅಂತ ಗುರಿ ಇಟ್ಟರು. ಅದಕ್ಕಿಂತ ಹೆಚ್ಚೇ ಸೇರಿತು. ದುಡ್ಡು ಹಳ್ಳಿಯ ಹೆಂಗಸರಿಗೂ ಮಕ್ಕಳಿಗೂ ಮಾತ್ರ ಅಂತ ಕಟ್ಟುನಿಟ್ಟು. ಅದರಿಂದ ಹುಟ್ಟಿದ್ದೇ ಕಸ್ತೂರಬಾ ಗಾಂಧಿ ರಾಷ್ಟ್ರೀಯ ಸ್ಮಾರಕ ಟ್ರಸ್ಟ್. ಹಳ್ಳಿ ಹೆಣ್ಣುಮಕ್ಕಳನ್ನೇ ಗ್ರಾಮಸೇವಿಕೆಯರಾಗಿ ತಯಾರು ಮಾಡಿತು. ಇಂದೋರ್ ಹತ್ತಿರದ ಕಸ್ತೂರಬಾಗ್ರಾಮದಲ್ಲಿ ಮುಖ್ಯ ಕೇಂದ್ರ, ನಮ್ಮ ಅರಸೀಕೆರೆಯಲ್ಲೂ ಅದರ ಶಾಖೆ ಇದೆ. ‘ಲೆಕ್ಕ ಯಾರು ಇಡ್ತಿದ್ರು?’ ಅನ್ನೋದು ಸಂಘದವರ ಮೊದಲ ಪ್ರಶ್ನೆ.

ನೀವೂ ಮಾಡುವುದಾದರೆ ದಿನ ನೋಡಿಕೊಳ್ಳಿ. ಹುಟ್ಟಿದ ದಿನ ಏಪ್ರಿಲ್ 11ಕ್ಕೆ ಶಾಲೆಯಲ್ಲಿ ಮಕ್ಕಳು ಸಿಗುವುದಿಲ್ಲ. ಫೆಬ್ರವರಿ 22ಕ್ಕೆ ಹತ್ತನೇ ಕ್ಲಾಸಿನವರು ಪರೀಕ್ಷೆ ತಲೆಬಿಸಿಯಲ್ಲಿರುತ್ತಾರೆ, ಎಂಟು ಒಂಬತ್ತರವರನ್ನು ಕೇಳಿ. ಏಪ್ರಿಲ್ 11 ರಾಷ್ಟ್ರೀಯ ಸುರಕ್ಷಿತ ತಾಯ್ತನ ದಿನವೂ ಹೌದು. ಅವತ್ತು ಅಂಗನವಾಡಿಗೆ ಹೋಗಿ, ಬಸುರಿ ಬಾಣಂತಿಯರಿಗೆ ಚಂಪಾರಣ್ಯದ ಭಾಗವನ್ನಷ್ಟೇ ಹೇಳಿ.