ಸ್ಕೇಲು, ಟಾರ್ಚು, ನಾಡಿ: ನರವ್ಯೂಹವನ್ನು ಮೈಮೇಲೆಯೇ ಕಲಿಸುವ ಕ್ರಮ

ಹತ್ತನೇ ತರಗತಿಯಲ್ಲಿ ದೇಹದ ಕ್ರಿಯೆಗಳನ್ನು ಐಚ್ಛಿಕ (ನಮ್ಮ ಇಚ್ಛೆಯಂತೆ ನಡೆಯುವವು), ಅನೈಚ್ಛಿಕ (ತಾವಾಗಿ ನಡೆಯುವವು) ಎಂದು ಎರಡು ಪಟ್ಟಿ ಬರೆಸಿದರೆ ಪರೀಕ್ಷೆಯ ಮಟ್ಟಿಗೆ ಕೆಲಸ ನಡೆಯುತ್ತದೆ. ಉಸಿರಾಟ ಯಾವ ಪಟ್ಟಿಗೆ ಸೇರುತ್ತದೆ ಎಂದು ಮಗುವೊಂದು ಕೇಳಿದಾಗ ಮಾತ್ರ ತೊಡಕು ಶುರು. ಗೋಳಿಬಜೆಯ ತುಂಡನ್ನು ಅಗಿಯುವುದು, ನುಂಗಲು ತೊಡಗುವುದು ನಮ್ಮ ಕೈಯಲ್ಲಿದೆ. ಗಂಟಲು ದಾಟಿದ ಮೇಲೆ ಇಲ್ಲ. ಅನ್ನನಾಳದ ಮೇಲ್ತುದಿಯಲ್ಲಿ ಇರುವುದು ಕೈಕಾಲುಗಳಲ್ಲಿರುವಂಥ ಪಟ್ಟೆಯುಳ್ಳ ಸ್ನಾಯುವೇ, ಆದರೂ ಅದು ನಮ್ಮ ಮಾತು ಕೇಳುವುದಿಲ್ಲ. ಆದ್ದರಿಂದ ಅಂಗಗಳ ಪಟ್ಟಿ ಬಿಡಿ. ಆದೇಶ ಎಲ್ಲಿಂದ ಹೊರಟಿತು, ಯಾವ ದಾರಿಯಲ್ಲಿ ಬಂತು ಎಂದು ಮಕ್ಕಳೇ ಹುಡುಕಲಿ. ಕೆಳಗಿನ ಪ್ರಯೋಗಗಳನ್ನು ಮಂಗಳೂರು, ಉಡುಪಿಯ ಯಾವ ಶಾಲೆಯಲ್ಲೂ ಎರಡು ಪೀರಿಯಡ್‌ನಲ್ಲಿ ಮುಗಿಸಬಹುದು. 30 ಸೆಂ.ಮೀ. ಸ್ಕೇಲು, ಮೊಬೈಲ್ ಟಾರ್ಚು, ಸೆಕೆಂಡಿನ ಮುಳ್ಳಿರುವ ಗಡಿಯಾರ, ಕಾಲು ನೆಲಕ್ಕೆ ತಾಗದಷ್ಟು ಎತ್ತರದ ಮೇಜು ಇದ್ದರೆ ಸಾಕು. ಸಾಧ್ಯವಾದರೆ ಮೊದಲೇ ಒಮ್ಮೆ ಮಣಿಪಾಲದ ಅಂಗರಚನಾ ಮ್ಯೂಸಿಯಂಗೆ ಕರೆದೊಯ್ಯಿರಿ. ನಿಜವಾದ ಮೆದುಳನ್ನು ಕಂಡ ಮೇಲೆ ಪುಸ್ತಕದ ಚಿತ್ರ ಸುಲಭವಾಗಿ ಅರ್ಥವಾಗುತ್ತದೆ.

ಬೀಳುವ ಸ್ಕೇಲು

ಒಬ್ಬರು ಸ್ಕೇಲನ್ನು 30ರ ಕಡೆಯಿಂದ ನೆಟ್ಟಗೆ ತೂಗುಹಾಕಿ ಹಿಡಿಯಬೇಕು. ಇನ್ನೊಬ್ಬರ ಹೆಬ್ಬೆರಳು, ತೋರುಬೆರಳುಗಳ ನಡುವೆ ಸೊನ್ನೆಯ ಗುರುತು ಬರಲಿ. ಬೆರಳುಗಳು ಎರಡು ಸೆಂ.ಮೀ. ಅಗಲಕ್ಕೆ ತೆರೆದಿರಲಿ, ಸ್ಕೇಲಿಗೆ ತಾಗದಿರಲಿ. ಸೂಚನೆ ಕೊಡದೆ ಬಿಡಿ. ಹಿಡಿದ ಜಾಗದ ಅಂಕಿ ಬರೆದುಕೊಳ್ಳಿ. ಮೊದಲ ಎರಡು ಸಲ ಅಭ್ಯಾಸಕ್ಕೆ, ಮುಂದಿನ ಐದರ ಸರಾಸರಿ ಲೆಕ್ಕಕ್ಕೆ. 10 ಸೆಂ.ಮೀ. ಬಿದ್ದರೆ ಸುಮಾರು 0.14 ಸೆಕೆಂಡು, 15ಕ್ಕೆ 0.175, 20ಕ್ಕೆ 0.20, 25ಕ್ಕೆ 0.23.

ಇಷ್ಟು ಹೊತ್ತಿನಲ್ಲಿ ಸುದ್ದಿ ಕಣ್ಣಿನಿಂದ ತಲೆಯ ಹಿಂಭಾಗದ ದೃಷ್ಟಿ ಪ್ರದೇಶಕ್ಕೆ ಹೋಗಿ, ಮೆದುಳಿನ ದೊಡ್ಡ ಮೇಲ್ಭಾಗವಾದ ಮಹಾಮಸ್ತಿಷ್ಕದಲ್ಲಿ ತೀರ್ಮಾನವಾಗಿ, ಮೆದುಳುಬಳ್ಳಿಯಲ್ಲಿ ಇಳಿದು ಕೈಯ ಸ್ನಾಯುಗಳಿಗೆ ತಲುಪಿರುತ್ತದೆ. ಯಾರಾದರೂ 5 ಸೆಂ.ಮೀ.ಗಿಂತ ಮೊದಲೇ ಹಿಡಿದರೆ ಆ ಅಂಕಿ ಕೈಬಿಡಿ. 0.1 ಸೆಕೆಂಡಿನೊಳಗೆ ಈ ದಾರಿ ಮುಗಿಯುವುದಿಲ್ಲ, ಅಂದಾಜಿನಲ್ಲಿ ಹಿಡಿದಿದ್ದಾರೆ ಎಂದೇ ಅರ್ಥ. ಆಮೇಲೆ 100ರಿಂದ ಏಳೇಳು ಕಳೆಯುತ್ತ ಬಾಯಲ್ಲಿ ಹೇಳಲು ಹಚ್ಚಿ ಮತ್ತೆ ಬಿಡಿ. ಸ್ಕೇಲು ಇನ್ನಷ್ಟು ಕೆಳಗೆ ಜಾರುತ್ತದೆ. ಲೆಕ್ಕ ಮಾಡುವ ಮೆದುಳೇ ಹಿಡಿಯುವ ತೀರ್ಮಾನವನ್ನೂ ಮಾಡಬೇಕು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮೊಣಕಾಲು

ಮೇಜಿನ ಅಂಚಿನಲ್ಲಿ ಕೂರಿಸಿ ಕಾಲು ಸಡಿಲವಾಗಿ ತೂಗಲಿ. ಮಂಡಿಚಿಪ್ಪಿನ ಕೆಳಗೆ, ಮುಂಗಾಲಿನ ಎಲುಬಿನ ಉಬ್ಬಿಗಿಂತ ಮೇಲೆ ಬೆರಳಿಗೆ ಸಿಗುವ ಸ್ನಾಯುರಜ್ಜುವಿನ ಮೇಲೆ ಅಂಗೈಯ ಅಂಚಿನಿಂದ ಚುರುಕಾಗಿ ಒಂದು ಪೆಟ್ಟು ಕೊಡಿ. ಕಬ್ಬಿಣದ ಸಾಮಾನು ಬೇಡವೇ ಬೇಡ. ರಜ್ಜು ಎಳೆದಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತದೆ. ಆ ಸುದ್ದಿ ಸೊಂಟದ ಭಾಗದ ನರಗಳ ಮೂಲಕ ಮೆದುಳುಬಳ್ಳಿಗೆ ಹೋಗಿ, ನಡುವೆ ಒಂದೇ ಒಂದು ನರಸಂಧಿ (ಎರಡು ನರಕೋಶಗಳು ಸೇರುವ ಜಾಗ) ದಾಟಿ ಅದೇ ಸ್ನಾಯುವಿಗೆ ಮರಳುತ್ತದೆ. ಮೆದುಳಿಗೆ ವಿಷಯ ಗೊತ್ತಾಗುವುದು ಆಮೇಲೆ.

ಕಾಲು ಎಗರದಿದ್ದರೆ ಬಹುತೇಕ ಎರಡೇ ಕಾರಣ: ಪೆಟ್ಟು ಚಿಪ್ಪಿನ ಮೇಲೋ ಎಲುಬಿನ ಮೇಲೋ ಬಿದ್ದಿದೆ, ಇಲ್ಲವೇ ಮಗು ತೊಡೆ ಬಿಗಿ ಹಿಡಿದಿದೆ. ಎರಡೂ ಕೈಯ ಬೆರಳುಗಳನ್ನು ಕೊಕ್ಕೆಯಂತೆ ಒಂದಕ್ಕೊಂದು ಸಿಕ್ಕಿಸಿ ಜೋರಾಗಿ ಎಳೆಯಲು ಹೇಳಿ, ಎಳೆಯುತ್ತಿರುವಾಗಲೇ ಹೊಡೆಯಿರಿ. ವೈದ್ಯರೂ ಇದನ್ನೇ ಮಾಡುತ್ತಾರೆ. ಆಗಲೂ ಬರದಿದ್ದರೆ ಬಿಟ್ಟುಬಿಡಿ, ಮಗುವಿನ ಎದುರು ರೋಗದ ಮಾತೆತ್ತಬೇಡಿ.

ಫುಟ್‌ಬಾಲ್ ಒದೆಯುವುದೂ ಈ ಸ್ನಾಯುವಿನಿಂದಲೇ ಎಂದು ಇಲ್ಲಿ ನೆನಪಿಸಬೇಕು. ಸ್ನಾಯು ಒಂದೇ, ಆದೇಶ ಬಂದ ದಾರಿ ಎರಡು.

ಇದನ್ನು ಕಂಡ ಮಕ್ಕಳು ಯೋಚಿಸದೆ ನಡೆಯುವುದೆಲ್ಲ ಅನೈಚ್ಛಿಕ ಎಂದುಕೊಳ್ಳುತ್ತಾರೆ. ಯಕ್ಷಗಾನ ಕಲಿಯುವ ಮಗುವಿದ್ದರೆ ಅದರಿಂದಲೇ ಉತ್ತರ ಹೇಳಿಸಿ. ಧಿಗಿಣ (ಯಕ್ಷಗಾನದಲ್ಲಿ ಹಾರಿ ಸುತ್ತುವ ಕುಣಿತ) ಕಲಿಯುವಾಗ ಒಂದೊಂದು ಹೆಜ್ಜೆಯನ್ನೂ ಎಣಿಸಬೇಕು. ಪಳಗಿದ ವೇಷಧಾರಿಯ ಕಾಲು ಚೆಂಡೆಯ ಪೆಟ್ಟಿಗೆ ತಾನಾಗಿ ಹೋಗುತ್ತದೆ. ಹೆಜ್ಜೆಯ ಅಳತೆ, ತೂಕವನ್ನು ಈಗ ತಲೆಯ ಹಿಂಬದಿಯ ಚಿಕ್ಕ ಮೆದುಳಾದ ಅನುಮಸ್ತಿಷ್ಕ ನೋಡಿಕೊಳ್ಳುತ್ತದೆ. ಹಾಗಿದ್ದೂ ಭಾಗವತರು ತಾಳ ನಿಲ್ಲಿಸಿದರೆ ವೇಷಧಾರಿ ನಿಲ್ಲುತ್ತಾನೆ. ಕೆಲಸ ರೂಢಿಯಾದರೂ ಐಚ್ಛಿಕವಾಗಿಯೇ ಉಳಿದಿದೆ. ನಿಲ್ಲಿಸಲು ಆಗುತ್ತದೆಯೇ ಎಂಬ ಪ್ರಶ್ನೆಯನ್ನು ಪ್ರತಿಯೊಂದು ಕ್ರಿಯೆಗೂ ಕೇಳಿಸಿ.

ಕಣ್ಣಪಾಪೆ

ಕಿಟಕಿ ಮುಚ್ಚಿ ಒಂದು ನಿಮಿಷ ಬಿಡಿ. ಮಗು ದೂರದ ಗೋಡೆ ನೋಡುತ್ತಿರಲಿ. ಟಾರ್ಚನ್ನು ಬದಿಯಿಂದ ಒಂದು ಕಣ್ಣಿಗೆ ಎರಡು ಸೆಕೆಂಡು ಹಿಡಿದು, ಇನ್ನೊಂದು ಕಣ್ಣನ್ನು ಗಮನಿಸಿ: ಬೆಳಕು ಬೀಳದ ಪಾಪೆಯೂ ಕಿರಿದಾಗುತ್ತದೆ. ಸುದ್ದಿ ನಡುಮೆದುಳಿಗೆ ಹೋಗಿ ಎರಡೂ ಕಣ್ಣಿಗೆ ಮರಳುವುದೇ ಇದಕ್ಕೆ ಕಾರಣ. ನಮ್ಮವರ ಕಣ್ಣು ಕಡುಕಂದು, ಮಬ್ಬಿನಲ್ಲಿ ಪಾಪೆಯ ಅಂಚು ಕಾಣುವುದು ಕಷ್ಟ. ಮೊಬೈಲಿನಲ್ಲಿ ಹತ್ತಿರದಿಂದ ವಿಡಿಯೋ ತೆಗೆದು ನಿಧಾನವಾಗಿ ಓಡಿಸಿ. ಹತ್ತಿರದ ವಸ್ತು ನೋಡಿದರೂ ಪಾಪೆ ಕುಗ್ಗುವುದರಿಂದ ಮಗು ಟಾರ್ಚನ್ನೇ ದಿಟ್ಟಿಸಿದರೆ ಪ್ರಯೋಗ ಕೆಡುತ್ತದೆ. ಲೇಸರ್ ಪಾಯಿಂಟರ್ ಬಳಸಲೇಬೇಡಿ.

ಉಸಿರು ಮತ್ತು ನಾಡಿ

ಹೆಚ್ಚು ಸಮಯ ಇದಕ್ಕೇ ಇಡಿ, ಉಳಿದದ್ದೆಲ್ಲ ಇಲ್ಲಿ ಒಂದಾಗುತ್ತದೆ. ಮೈದಾನದಿಂದ ಬಂದ ಕೂಡಲೇ ಮಾತ್ರ ಬೇಡ. ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚು, ಬೆವರು ಆರುವುದಿಲ್ಲ, ಮೈ ತಣಿಯುವುದು ತಡ. ಚರ್ಮಕ್ಕೆ ರಕ್ತ ಹರಿಸುತ್ತ ಹೃದಯ ಜೋರಾಗಿಯೇ ಬಡಿಯುತ್ತಿರುತ್ತದೆ. ಹತ್ತು ನಿಮಿಷ ಫ್ಯಾನಿನಡಿ ಕೂರಿಸಿ.

ಮಗುವೊಂದರ ಹೆಬ್ಬೆರಳಿನ ನೇರಕ್ಕೆ ಮಣಿಕಟ್ಟಿನಲ್ಲಿ ತೋರುಬೆರಳು, ನಡುಬೆರಳು ಇಟ್ಟು ನಾಡಿ ಹುಡುಕಿ. ಹೆಬ್ಬೆರಳಿಂದ ಹಿಡಿದರೆ ನಿಮ್ಮದೇ ನಾಡಿ ಎಣಿಸಿಬಿಡಬಹುದು. ಈಗ ಆ ಮಗು ಐದು ಸೆಕೆಂಡು ಉಸಿರೆಳೆದು ಐದು ಸೆಕೆಂಡು ಬಿಡಲಿ, ಒಂದು ನಿಮಿಷಕ್ಕೆ ಆರು ಉಸಿರು. ನಾಡಿ ಹಿಡಿದವರು ಪ್ರತಿ ಬಡಿತಕ್ಕೂ ಇನ್ನೊಂದು ಕೈಯಿಂದ ಡೆಸ್ಕ್ ತಟ್ಟಲಿ. ಉಸಿರೆಳೆದಾಗ ತಟ್ಟು ಚುರುಕಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ, ಇಡೀ ಕ್ಲಾಸಿಗೆ ಕೇಳುತ್ತದೆ. ಹೃದಯಕ್ಕೆ ನೇರ ಆಜ್ಞೆ ಕೊಡಲು ನಮಗೆ ಬರುವುದಿಲ್ಲ. ಮೆದುಳಿನ ಬುಡದಲ್ಲಿರುವ ಮೆಡುಲ್ಲಾದಿಂದ ಹೊರಡುವ ವೇಗಸ್ ನರ ಅದನ್ನು ಸದಾ ತಡೆದು ಹಿಡಿದಿರುತ್ತದೆ, ಉಸಿರೆಳೆದಾಗ ಆ ಹಿಡಿತ ಸಡಿಲಗೊಂಡು ಬಿಟ್ಟಾಗ ಬಿಗಿಯಾಗುತ್ತದೆ. ಉಸಿರನ್ನು ಮಾತ್ರ ಮಹಾಮಸ್ತಿಷ್ಕವೂ ನಡೆಸಬಲ್ಲುದು, ಮೆಡುಲ್ಲಾವೂ ನಡೆಸಬಲ್ಲುದು.

ಮುಂದೆ, ಕುಳಿತಲ್ಲೇ ಮಾಮೂಲಿ ಉಸಿರಿನ ನಂತರ ಮೂಗು ಹಿಡಿದು ತಡೆಯಲಿ. ಸ್ಪರ್ಧೆ ಇಡಬೇಡಿ, ಆಸ್ತಮಾ, ಮೂರ್ಛೆರೋಗ ಅಥವಾ ಹೃದಯದ ತೊಂದರೆ ಇರುವ ಮಕ್ಕಳು ಸಮಯ ಬರೆದುಕೊಳ್ಳಲಿ. ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಏರುತ್ತಿದ್ದಂತೆ ಮೆಡುಲ್ಲಾದ ಒತ್ತಾಯ ಹೆಚ್ಚಿ ವಪೆ (ಎದೆ, ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಅದುರತೊಡಗುತ್ತದೆ, ಕೊನೆಗೆ ಇಚ್ಛೆ ಸೋಲುತ್ತದೆ.

ಪಣಂಬೂರು, ಮಲ್ಪೆಯ ನೀರಿಗೋ ಊರಿನ ಕೆರೆಗೋ ಇಳಿಯುವ ಮಕ್ಕಳಿಗೆ ಇದೇ ಗಳಿಗೆಯಲ್ಲಿ ಒಂದು ಮಾತನ್ನು ಖಡಾಖಂಡಿತವಾಗಿ ಹೇಳಬೇಕು. ಮುಳುಗುವ ಮುಂಚೆ ಜೋರಾಗಿ ಹತ್ತಾರು ಸಲ ಉಸಿರಾಡಬಾರದು. ಹಾಗೆ ಮಾಡಿದರೆ ಇಂಗಾಲದ ಡೈ ಆಕ್ಸೈಡ್ ಇಳಿಯುತ್ತದೆ, ಆಮ್ಲಜನಕ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ. ಉಸಿರು ಬೇಕೆಂಬ ಎಚ್ಚರಿಕೆ ಬರುವ ಮೊದಲೇ ಆಮ್ಲಜನಕ ಮುಗಿದು ನೀರಿನೊಳಗೆ ಪ್ರಜ್ಞೆ ತಪ್ಪುತ್ತದೆ. ಈಜು ಚೆನ್ನಾಗಿ ಬರುವವರೂ ಹೀಗೆ ಸಾಯುತ್ತಾರೆ.

ಮನೆಗೆಲಸ: ಮಲಗಿ ಏಳುವುದು

ಐದು ನಿಮಿಷ ಮಲಗಿ 30 ಸೆಕೆಂಡು ನಾಡಿ ಎಣಿಸಿ ಎರಡರಿಂದ ಗುಣಿಸಿ. ಎದ್ದು ನಿಂತು ಒಂದು ನಿಮಿಷದ ನಂತರ ಮತ್ತೆ ಎಣಿಸಿ. ಸಾಮಾನ್ಯವಾಗಿ ನಿಮಿಷಕ್ಕೆ 10ರಿಂದ 20 ಬಡಿತ ಹೆಚ್ಚುತ್ತದೆ. ನಿಂತಾಗ ಅರ್ಧ ಲೀಟರಿಗೂ ಮಿಕ್ಕಿ ರಕ್ತ ಹೊಟ್ಟೆ, ಕಾಲುಗಳ ಕಡೆ ಇಳಿಯುತ್ತದೆ. ಕತ್ತಿನ ಧಮನಿ ಮತ್ತು ಮಹಾಪಧಮನಿಯ ಒತ್ತಡ ಗ್ರಾಹಕಗಳು ರಕ್ತದೊತ್ತಡ ಇಳಿದದ್ದನ್ನು ಮೆಡುಲ್ಲಾಕ್ಕೆ ತಿಳಿಸುತ್ತವೆ, ಅಲ್ಲಿಂದ ವೇಗಸ್‌ನ ಹಿಡಿತ ಸಡಿಲವಾಗಿ ಅನುವೇದಕ (ಸಿಂಪಥೆಟಿಕ್) ನರಗಳು, ಅಂದರೆ ವೇಗಸ್‌ಗೆ ಎದುರಾಗಿ ಹೃದಯವನ್ನು ಚುರುಕುಗೊಳಿಸುವ ನರಗಳು, ರಕ್ತನಾಳಗಳನ್ನು ಬಿಗಿಗೊಳಿಸುತ್ತವೆ.

ಈ ಪ್ರಯೋಗವನ್ನು ಅಜ್ಜ ಅಜ್ಜಿಯ ಮೇಲೆ ಮಾಡಬಾರದೆಂದು ಮಕ್ಕಳಿಗೆ ಹೇಳಿ ಕಳಿಸಿ. ಬಹಳ ವರ್ಷಗಳ ಸಕ್ಕರೆ ಕಾಯಿಲೆ ಈ ನರಗಳನ್ನೇ ಕೆಡಿಸಿರಬಹುದು, ಬಿಪಿ ಮಾತ್ರೆಯೂ ಸರಿದೂಗಿಸುವ ಶಕ್ತಿ ಕುಗ್ಗಿಸಬಹುದು. ತಟ್ಟನೆ ಎದ್ದರೆ ಕಣ್ಣು ಕತ್ತಲೆ ಬಂದು ಬೀಳುತ್ತಾರೆ. ಅವರು ಹಾಸಿಗೆಯಂಚಿನಲ್ಲಿ ಒಂದು ನಿಮಿಷ ಕುಳಿತು, ಆಧಾರ ಹಿಡಿದು ಏಳಲಿ. ಎದ್ದಾಗಲೆಲ್ಲ ತಲೆ ತಿರುಗುತ್ತಿದ್ದರೆ ಮಾತ್ರೆಯನ್ನು ತಾವಾಗಿ ನಿಲ್ಲಿಸದೆ, ಮಲಗಿದಾಗ ಮತ್ತು ನಿಂತಾಗ ಎರಡೂ ಬಿಪಿ ನೋಡುವಂತೆ ವೈದ್ಯರಲ್ಲಿ ಕೇಳಬೇಕು.